ನಲ್ಲಿ ಸಾಲಿನ ಮೂಲಪುರುಷ

ರಾಮಗಿರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಮರುಳಸಿದ್ದಪ್ಪ ವ್ಯಾಪಾರ ಬೆಳೆಸಲೆಂದು ಹೆಂಡತಿ ಬಿಂದುವಿನೊಂದಿಗೆ ದುರ್ಗಕ್ಕೆ ಬಂದು, ಕೋಟೆ ಕೆಳಗಿನ ಓಣಿಯಲ್ಲಿ ಮನೆ ಹಿಡಿದ. ಊರೇನೋ ದೊಡ್ಡದು, ಓಣಿಗೆ ನಲ್ಲಿ ಮಾತ್ರ ಒಂದೇ. ಅದಕ್ಕೊಂದು ಕಟ್ಟಳೆ: ಓಣಿಗೆ ಯಾರು ಮೊದಲು ಬಂದರೋ ಅವರ ಕೊಡ ಮೊದಲು. ಮೊನ್ನೆ ಮೊನ್ನೆ ಬಂದ ಮರುಳಸಿದ್ದಪ್ಪನದು ಕಟ್ಟಕಡೆಗೆ. ಅಷ್ಟರಲ್ಲಿ ನಲ್ಲಿ ಮುದಿ ಬೆಕ್ಕಿನಂತೆ ಗೊರಗುಟ್ಟಿ ಮಲಗಿಬಿಡುತ್ತಿತ್ತು.

ಆ ಬೆಳಿಗ್ಗೆಯೂ ಹಾಗೇ ಆದಾಗ ಅವನ ತಾಳ್ಮೆ ಕೆಟ್ಟಿತು.

“ಇದ್ಯಾವ ನ್ಯಾಯ ಕಣ್ರಿ? ನಾವೇನು ಮನುಷ್ಯರಲ್ವಾ?”

ನಲ್ಲಿಯ ಉಸ್ತುವಾರಿ ಮುದ್ದಪ್ಪನದು. “ಮನುಷ್ಯರೇ ಕಣಪ್ಪ, ಆದ್ರೆ ಹೊರಗಿನೋರು. ನಾವು ಮೂಲದೋರು. ಈ ಕೋಟೆಗೆ ಕಲ್ಲು ಎತ್ತಿ ಕೊಟ್ಟೋರು.”

“ಕೊಟ್ಟಿದ್ದನ್ನ ನೀನು ನೋಡಿದೀಯಾ?”

“ಕೊಟ್ಟಿಲ್ಲ ಅಂತ ನೀನೇ ತೋರ್ಸು, ಆಮೇಲೆ ಮಾತಾಡಾಣ!” ಎಂದಳು ಎದುರುಮನೆಯ ಮಲ್ಲಕ್ಕ, ತುಂಬಿದ ಕೊಡವನ್ನು ಸೊಂಟಕ್ಕೇರಿಸುತ್ತ.

ಪೈಪಿನ ರಿಪೇರಿ ಮುಗಿದು ಸಂಜೆ ಇನ್ನೊಮ್ಮೆ ನೀರು ಬಿಡುವುದಿತ್ತು. “ತೋರಿಸ್ತೀನಿ! ಸಂಜೆ ನೀರು ಬರೋದ್ರೊಳಗೆ ಈ ಊರಿನ ಹುಟ್ಟಿನ ಗುಟ್ಟೆಲ್ಲ ಕೆದಕಿ ತರ್ತೀನಿ!” ಎಂದ ಮರುಳಸಿದ್ದಪ್ಪ. ಮೈಕಿಲ್ಲದೆಯೂ ಆ ದನಿ ಓಣಿಯ ಕೊನೆ ಮುಟ್ಟಿತು.

ಮೊದಲು ಕೋಟೆ ಹತ್ತಿದ. “ಈ ಊರಿಗೆ ಎಲ್ಲರಿಗಿಂತ ಮೊದ್ಲು ಬಂದೋರು ಯಾರ್ರಿ?” ಎಂದು ಕಾವಲುಗಾರನನ್ನು ಕೇಳುತ್ತಿರುವಾಗಲೇ ಕೋತಿಯೊಂದು ಮರುಳಸಿದ್ದಪ್ಪನ ಕೈಯಲ್ಲಿದ್ದ ಬುತ್ತಿ ಕಸಿದು ಬುರುಜು ಏರಿತು.

“ಅಗೋ, ಅವರೇ” ಎಂದ ಕಾವಲುಗಾರ.

ಹಸಿದ ಹೊಟ್ಟೆಯಲ್ಲೇ ಚಂದ್ರವಳ್ಳಿಗೆ ನಡೆದ. ಕೋಟೆಗಿಂತ ಎಷ್ಟೋ ಹಳೆಯ ಊರು ಅಲ್ಲಿ ಮಣ್ಣಿನಡಿ ಸಿಕ್ಕಿತ್ತೆಂದು ಯಾರೋ ಹೇಳಿದ್ದರು. ಗುಹೆಯೊಳಗೆ ನುಗ್ಗಿ, ಕತ್ತಲಲ್ಲಿ ತಲೆ ಬಡಿಸಿಕೊಂಡು, ಹಣೆಯ ಮೇಲೆ ನಿಂಬೆಹಣ್ಣಿನಂಥ ಬುಗುಟೆ ಹೊತ್ತು ಹೊರಬಂದ. ಎರಡು ಸಾವಿರ ವರ್ಷದ ಹಿಂದೆಯೂ ಅಲ್ಲಿ ಜನ ಇದ್ದದ್ದು ಹೊರಗಿನ ಫಲಕ ಓದಿ ಖಾತ್ರಿಯಾಯಿತು. ಆದರೆ ಅವರಲ್ಲಿ ಮುದ್ದಪ್ಪನ ಪೈಕಿ ಯಾರೂ ಇರಲಿಲ್ಲವೆಂದು ಸಾರುವ ಕಲ್ಲು ಒಂದೂ ಕಾಣಲಿಲ್ಲ.

ಹಣೆ ಒತ್ತಿಕೊಳ್ಳುತ್ತ ಓಣಿಗೆ ಮರಳಿದವನನ್ನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅಕ್ತರ್ ಬೀ ಕರೆದಳು. ಓಣಿಗೆಲ್ಲ ಹಿರಿಯಳು ಆಕೆ. ವಿಷಯ ಕೇಳಿ ಬೊಚ್ಚುಬಾಯಿ ತೆರೆದು ನಕ್ಕಳು.

“ಮುದ್ದಪ್ಪನಾ ಮೂಲದೋನು? ಅವ್ನ ತಾತ ಹಿರಿಯೂರಿಂದ ಗಂಟು ಹೊತ್ಕಂಡು ಬಂದಿದ್ದನ್ನ ನಮ್ಮಪ್ಪ ಕಂಡಿದ್ದ. ಮಲ್ಲಕ್ಕ ಹೊಸದುರ್ಗದಿಂದ ಬಂದ ಸೊಸೆ. ನಮ್ಮೋರೂ ಹೈದರಾಲಿ ಕಾಲದಾಗೆ ಬಂದೋರೇ ಬೇಟಾ. ಆಗ ಈ ಓಣಿಯಾಗೆ ಇದ್ದಿದ್ದು ಒಂದೇ ಮನೆಯಂತೆ. ರಾಮಗಿರಿಯೋರ್ದು.”

ರಾಮಗಿರಿ! ಮರುಳಸಿದ್ದಪ್ಪನಿಗೆ ಹಣೆಯ ಬುಗುಟೆಯೇ ಕಿರೀಟವಾದಂತೆ ಅನಿಸಿತು.

ಸಂಜೆ ನಲ್ಲಿಯ ಮುಂದೆ ಕಟ್ಟೆ ಹತ್ತಿ ನಿಂತು ಸಾರಿದ: “ಕೇಳ್ರಪ್ಪೋ! ನೀವೆಲ್ಲ ಹೊರಗಿಂದ ಬಂದೋರು! ಈ ಓಣಿಗೆ ಮೊದ್ಲು ಕಾಲಿಟ್ಟೋರು ರಾಮಗಿರಿಯ ನಮ್ಮ ಹಿರೀಕರು!”

ಮುದ್ದಪ್ಪ ಅಕ್ತರ್ ಬೀಯ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಸಾಲಿಗೆ ಸಾಲೇ ತಣ್ಣಗಾಯಿತು.

ಬಿಂದು ಗಂಡನ ಅಂಗಿ ಜಗ್ಗಿ ಪಿಸುಗುಟ್ಟಿದಳು: “ರೀ, ನಿಮ್ಮ ತಾತ ರಾಮಗಿರಿಗೆ ಬಂದಿದ್ದೇ ಹಿರೇಗುಂಟನೂರಿಂದ ಅಲ್ವಾ?”

“ಸುಮ್ನಿರೇ!”

“ಅವ್ರು ನಿಮ್ಮೋರೇ ಅನ್ನೋದು ಖಂಡಿತಾನಾ?” ಎಂದಳು ಮಲ್ಲಕ್ಕ.

“ನಮ್ಮೂರ ಬೆಟ್ಟದಾಣೆ! ಅವರ ರಕ್ತಾನೇ ನಾನು!”

ಅಕ್ತರ್ ಬೀಯ ಕಣ್ಣು ತುಂಬಿ ಬಂತು. “ಎಂಥಾ ದೊಡ್ಡ ಮನೆತನ ಬೇಟಾ ನಿಂದು! ಊರಿಗೆ ಬಂದೋರಿಗೆಲ್ಲ ಮೊದ್ಲು ನೀರು ಕೊಟ್ಟು, ಎಲ್ಲರದ್ದೂ ಆದ್ಮೇಲೇ ತಾವು ಕುಡೀತಿದ್ರಂತೆ.”

ಮಲ್ಲಕ್ಕ ಅಷ್ಟಕ್ಕೇ ಕಾಯುತ್ತಿದ್ದವಳಂತೆ ಕೊಡ ಮುಂದಿಟ್ಟಳು. “ಹಂಗಾದ್ರೆ ನೀವೇ ಯಜಮಾನ್ರು, ನಾವು ನೆಂಟರು. ನೆಂಟರಿಗಿಂತ ಮೊದ್ಲು ಯಜಮಾನ್ರು ಎಲೆ ಮುಂದೆ ಕುಂತ್ಕಂತಾರಾ? ನಡೀರಿ, ಹಿಂದೆ ನಿಂತ್ಕಳ್ರಿ!”

ಓಣಿ ಹೋ ಎಂದಿತು. ಸೋತೆ ಎನ್ನಲು ಮರುಳಸಿದ್ದಪ್ಪನ ನಾಲಿಗೆ ಒಪ್ಪಲಿಲ್ಲ. ಮದುವೆ ಮನೆಯ ಬೀಗರನ್ನು ಉಪಚರಿಸುವವನ ಗತ್ತಿನಲ್ಲಿ ಸಾಲಿನ ಕೊನೆಗೆ ಹೋಗಿ ನಿಂತ.

ಆಗಲೇ ಸಾಮಾನು ತುಂಬಿದ ಟೆಂಪೋ ಓಣಿಗೆ ತಿರುಗಿತು. ಹೊಳಲ್ಕೆರೆಯಿಂದ ಮನೆ ಬದಲಿಸಿಕೊಂಡು ಬಂದ ಸೊಹೈಲ್ ಕೆಳಗಿಳಿದ. “ಅಣ್ಣ, ಇಲ್ಲಿ ಹೊಸಬರು ಎಲ್ಲರಿಗಿಂತ ಹಿಂದೆ ನಿಲ್ಬೇಕಂತೆ. ನಿಮ್ಮ ಹಿಂದೆ ನಿಂತ್ಕಳ್ಲಾ?”

ಬಿಂದು ಕೈಮುಗಿಯುವಂತೆ ಗಂಡನತ್ತ ನೋಡಿದಳು. ಓಣಿಗೆ ಓಣಿಯೇ ನೋಡಿತು. ಮರುಳಸಿದ್ದಪ್ಪ ಎದೆ ಸೆಟೆಸಿದ.

“ಯಾವನ್ರೀ ಹೇಳಿದ್ದು? ನಮ್ಮ ಓಣಿಗೆ ಬಂದ ಅತಿಥಿ ಹಿಂದೆ ನಿಲ್ಲೋದಾ? ಬರ್ರಿ, ಮುಂದೆ ಬರ್ರಿ!”

ಸೊಹೈಲ್ ಸಂತೋಷದಿಂದ ಟೆಂಪೋದ ಹಲಗೆ ಬಿಚ್ಚಿ, ನೀಲಿ ಡ್ರಮ್ಮುಗಳನ್ನು ಒಂದೊಂದಾಗಿ ಇಳಿಸತೊಡಗಿದ.