ಕೊನೆಯ ರವಿವಾರ, ಇಪ್ಪತ್ತೈದು ಸಹಿ

ಸೊಲ್ಲಾಪುರದಲ್ಲಿ ಹತ್ತು ಜನ ಒಂದು ಕಡೆ ಕೂತರೆ ಏನಾದರೊಂದು ಆಗಿಯೇ ತೀರುತ್ತದೆ. ಅವರ ಮುಂದೆ ಪ್ರೊಜೆಕ್ಟರ್ ಇಟ್ಟರೆ ಎರಡಾಗುತ್ತವೆ.

ನಾನು ಚಾದರದ ವ್ಯಾಪಾರಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ಬರೆದುಕೊಡುವವನು. ಎಂ.ಎಸ್ಸಿ. ಮಾಡಿದ್ದೇನೆ, ಯಾರೂ ಕೇಳಿಲ್ಲ. ಊರಲ್ಲಿ ಪ್ರೋಗ್ರಾಂ ಬರೆಯುವವರು ತಿಂಗಳಿಗೊಮ್ಮೆ ಸೇರಿ ಒಬ್ಬರಿಂದ ಒಬ್ಬರು ಕಲಿಯಲಿ ಎಂದು ಒಂದು ಗುಂಪು ಕಟ್ಟಿದೆ. ಅದು ನನ್ನ ತಪ್ಪು. ಗುಂಪು ನಡೆಸುವವರೆಂದರೆ ನಾನು ಮತ್ತು ಕಾಕಾ. ಕಾಕಾ ಸರ್ಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಆಮೇಲೆ ಎಕ್ಸೆಲ್‌ನಲ್ಲಿ ಪ್ರೋಗ್ರಾಂ ಬರೆಯಲು ಕಲಿತರು. ಸರ್ಕಾರಿ ಪತ್ರದ ಹಾಗೆ ಅವರ ಮಾತಿಗೂ ಮೇಲೆ ವಿಷಯ, ಉಲ್ಲೇಖ ಇರುತ್ತವೆ.

ಸಭೆ ಸೇರುವ ಹಾಲ್ ನೂಲಿನ ವ್ಯಾಪಾರಿ ಮನೆತನವೊಂದರ ಟ್ರಸ್ಟಿನದು. ಅದರ ಹಿರಿಯರನ್ನು ಎಲ್ಲರೂ ಸಾವಕಾರರು ಎನ್ನುತ್ತಾರೆ. ತಿಂಗಳ ಕೊನೆಯ ರವಿವಾರ ನಮಗೆ ಪುಕ್ಕಟೆ ಕೊಟ್ಟಿದ್ದರು. ಒಂದು ದಿನ ಕರೆಸಿ ಹೇಳಿದರು:

"ಇನ್ನ ಮೂರು ತಿಂಗಳ ನೋಡ್ತೀನಿ. ಒಂದ ಸಲಾನರೆ ರಜಿಸ್ಟರಿನಾಗ ಇಪ್ಪತ್ತೈದ ಸಹಿ ಆಗಬೇಕು. ಭಾಷಣ ಮಾಡಾವ್ರು, ನೀವು, ಕಾಕಾ ಲೆಕ್ಕಕ್ಕಿಲ್ಲ. ಆಗಲಿಲ್ಲ ಅಂದ್ರ ಆ ರವಿವಾರ ಸೀರಿ ಸೇಲಿನವರಿಗೆ. ಅವರ ಕಡೆ ಜನ ಬರ್ತಾರ."

ಬೇರೆ ಯಾರೂ ನಮಗೆ ಪುಕ್ಕಟೆ ಹಾಲ್ ಕೊಡುವುದಿಲ್ಲ. ಹಾಲ್ ಹೋದರೆ ಗುಂಪೂ ಹೋದಂತೆ. ಆಮೇಲೆ ಕೋಡ್ ಬಗ್ಗೆ ಮಾತಾಡಬೇಕು ಅನ್ನಿಸಿದರೆ ಹೆಂಡತಿಯ ಜೊತೆ ಮಾತಾಡಬೇಕು. ಆಕೆ ಮೊದಲೇ ಬೇಡ ಅಂದಿದ್ದಾಳೆ.

೧. ಸತ್ಕಾರ

ಮೊದಲ ತಿಂಗಳು ಪುಣೆಯಿಂದ ಒಬ್ಬರನ್ನು ಕರೆಸಿದೆ. ವಿಷಯ: ನಿಧಾನವಾಗಿ ಓಡುವ ಪ್ರೋಗ್ರಾಮನ್ನು ಬೇಗ ಓಡಿಸುವುದು ಹೇಗೆ. ಸಮಯ ಹತ್ತರಿಂದ ಹನ್ನೊಂದೂವರೆ. ಹನ್ನೊಂದೂವರೆಗೆ ಹಾಲ್ ಬಿಡಲೇಬೇಕು, ಆಮೇಲೆ ಅಲ್ಲಿ ಯಾರದೋ ಕುಬಸ, ಅಂದರೆ ಸೀಮಂತ.

ಕಾಕಾ ಮೈಕ್ ಹಿಡಿದರು. ದೀಪ ಹಚ್ಚಿದ್ದಾಯಿತು. ಪ್ರಾಸ್ತಾವಿಕ ಆಯಿತು, ಅದರಲ್ಲಿ ಕಂಪ್ಯೂಟರ್ ಬರುವ ಮೊದಲಿನ ಕಚೇರಿಯ ಕಥೆಯೇ ಇಪ್ಪತ್ತು ನಿಮಿಷ. ಆಮೇಲೆ ಸತ್ಕಾರ. ನಮ್ಮ ಕಡೆ ಶಾಲು, ತೆಂಗಿನಕಾಯಿ ಇಲ್ಲದೆ ಯಾರೂ ವೇದಿಕೆಯ ಮೇಲೆ ಬಾಯಿ ತೆರೆಯುವಂತಿಲ್ಲ. ಭಾಷಣಕಾರರಿಗೆ ಶಾಲು. ಆ ದಿನಕ್ಕೆಂದು ಕೂರಿಸಿದ್ದ ಅಧ್ಯಕ್ಷರಿಗೆ ಶಾಲು. ಪ್ರೊಜೆಕ್ಟರ್ ತಂದವನಿಗೆ ಶಾಲು. ಶಾಲು ಹೊದಿಸಲು ಮೇಲೆ ಬಂದವರನ್ನು ಬರಿಗೈಯಲ್ಲಿ ಇಳಿಸುವುದು ಹೇಗೆ ಎಂದು ಅವರಿಗೂ ಶಾಲು. ಅವರಿಗೆ ಹೊದಿಸಲು ಮತ್ತೆ ಇಬ್ಬರು ಮೇಲೆ ಬಂದರು.

ನಾನು ಕಾಕಾರ ಕಿವಿಯಲ್ಲಿ ಹೇಳಿದೆ: "ಕಾಕಾ, ಹಿಂಗಾದ್ರ ಇದು ಮುಗಿಯಂಗಿಲ್ಲ."

"ಶಾಲು ಮುಗೀತಾವ, ತಡೀರಿ."

ಶಾಲು ಮುಗಿದವು. ತೆಂಗಿನಕಾಯಿ ಉಳಿದಿದ್ದವು.

ಹನ್ನೊಂದು ಇಪ್ಪತ್ತೈದಕ್ಕೆ ಪುಣೆಯವರು ಎದ್ದರು. ಕೈಯಲ್ಲಿದ್ದ ಕಾಯನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟರು. ಅದು ಉರುಳಿತು. ಹಿಡಿದು ಮತ್ತೆ ಇಟ್ಟರು, ಮತ್ತೆ ಉರುಳಿತು. ಕೊನೆಗೆ ಅದನ್ನು ಬಗಲಲ್ಲಿ ಹಿಡಿದುಕೊಂಡೇ ಮರಾಠಿಯಲ್ಲಿ ಶುರು ಮಾಡಿದರು: "ಪ್ರೋಗ್ರಾಂ ನಿಧಾನವಾಗುವುದಕ್ಕೆ ಒಂದೇ ಕಾರಣ. ಬೇಕಾದ ಕೆಲಸಕ್ಕಿಂತ ಮೊದಲು ಬೇಡದ ಕೆಲಸ ಮಾಡುತ್ತ ಕೂರುವುದು."

ಕಾಕಾ ಎದ್ದು ಮೈಕ್ ತೆಗೆದುಕೊಂಡರು. "ಭಾಳ ಛಲೋ ಮಾತ ಹೇಳಿದ್ರು. ಈಗ ಆಭಾರ ಪ್ರದರ್ಶನ."

೨. ಮೊದಲ ಸಾಲಿನ ಮಾವಶಿ

ಆ ತಿಂಗಳ ಸಹಿ ಹತ್ತೊಂಬತ್ತು. ಎರಡನೆಯ ತಿಂಗಳು ಸತ್ಕಾರಕ್ಕೆ ಐದೇ ನಿಮಿಷ ಎಂದು ಕಾಕಾರಿಂದ ಬರೆಸಿಕೊಂಡೆ. ಅವರು ಬರೆದು, ದಿನಾಂಕ ಹಾಕಿ, ನನಗೊಂದು ಪ್ರತಿ ಕೊಟ್ಟು, ಒಂದನ್ನು ಫೈಲಿಗೆ ಸೇರಿಸಿದರು.

ಈ ಸಲ ಭಾಷಣ ನನ್ನದೇ: ದೊಡ್ಡ ಪಟ್ಟಿಯೊಂದರಿಂದ ಬೇಕಾದದ್ದನ್ನಷ್ಟೇ ಹುಡುಕಿ ತೆಗೆಯುವುದು. ಕೇಳುವವರು ಫೋನ್ ನೋಡುತ್ತಿದ್ದರು. ಮೊದಲ ಸಾಲಿನಲ್ಲಿ ಮಾತ್ರ ಒಬ್ಬ ಮಾವಶಿ, ಚಿಕ್ಕಮ್ಮ ಎನ್ನಬಹುದಾದ ವಯಸ್ಸು, ದಪ್ಪ ಕನ್ನಡಕ, ತೊಡೆಯ ಮೇಲೆ ನೋಟ್‌ಬುಕ್, ಬಿಡದೆ ಬರೆದುಕೊಳ್ಳುತ್ತಿದ್ದರು. ನಡುನಡುವೆ ಹಿಂದಕ್ಕೆ ತಿರುಗಿ ನೋಡಿ ಮತ್ತೆ ಬರೆಯುತ್ತಿದ್ದರು. ಈ ವಯಸ್ಸಿನಲ್ಲಿ ಇಷ್ಟು ಆಸಕ್ತಿ! ನನಗೆ ಸ್ವಲ್ಪ ನಾಚಿಕೆಯೂ ಆಯಿತು. ಜನರ ಬಗ್ಗೆ ನಾನು ಸಾಮಾನ್ಯವಾಗಿ ಒಳ್ಳೆಯದನ್ನು ಅಂದುಕೊಳ್ಳುವುದಿಲ್ಲ.

ಮುಗಿದ ಮೇಲೆ ಹತ್ತಿರ ಹೋದೆ. "ಮಾವಶಿ, ಏನಾರ ತಿಳೀಲಿಲ್ಲ ಅಂದ್ರ ಕೇಳ್ರಿ."

"ಒಂದ ತಿಳೀಲಿಲ್ಲ. ಆ ಮೂರನೇ ಸಾಲಿನಾಗ ನೀಲಿ ಅಂಗಿ ಹಾಕ್ಯಾನಲ್ಲ, ಅವಂದು ಸ್ವಂತ ಮನಿ ಏನ್?"

ನೋಟ್‌ಬುಕ್ಕಿನಲ್ಲಿ ಹಾಲಿನ ನಕಾಶೆ ಇತ್ತು. ಪ್ರತಿ ಕುರ್ಚಿಗೂ ಅಂಗಿಯ ಬಣ್ಣ, ನೌಕರಿ, ಅಂದಾಜು ಎತ್ತರ. ಇಬ್ಬರಿಗೆ ಟಿಕ್ ಬಿದ್ದಿತ್ತು. ಒಬ್ಬನನ್ನು ಹೊಡೆದುಹಾಕಿ ಪಕ್ಕಕ್ಕೆ "ಕೂದಲ ಇಲ್ಲ" ಎಂದು ಬರೆದಿತ್ತು. ನಾನು ಒಂದು ತಾಸು ವಿವರಿಸಿದ್ದನ್ನು ಅವರು ಪೆನ್ನಿನಲ್ಲಿ ಮಾಡಿ ಮುಗಿಸಿದ್ದರು.

"ತಂಗಿ ಮಗಳಿಗೆ ನೋಡಾಕತ್ತೀನಿ," ಅಂದರು. "ನಿಮ್ಮ ಲಗ್ನ ಆಗೈತಲ್ಲ?"

"ಆಗೈತ್ರಿ."

"ಕಂಡ್ರ ಗೊತ್ತಾಗ್ತದ. ಅದಕ್ಕ ನಿಮ್ಮನ್ನ ಬರದಿಲ್ಲ."

ಅಷ್ಟರಲ್ಲಿ ಕಾಕಾ ರಜಿಸ್ಟರ್ ಹಿಡಿದು ಓಡಿ ಬಂದರು. ಇಪ್ಪತ್ನಾಲ್ಕು ಸಹಿ ಆಗಿದ್ದವು. ಹಾಲಿನಲ್ಲಿ ಸಹಿ ಮಾಡದೆ ಉಳಿದವರು ಮಾವಶಿ ಒಬ್ಬರೇ. ಹಾಲ್ ಉಳಿಯುವುದು ಅವರ ಪೆನ್ನಿನ ತುದಿಯಲ್ಲಿತ್ತು.

"ಇಲ್ಲೊಂದ ಸಹಿ ಹಾಕ್ರಿ, ಮಾವಶಿ."

ಮಾವಶಿ ರಜಿಸ್ಟರ್ ನೋಡಿದರು, ಕಾಕಾರನ್ನು ನೋಡಿದರು, ನೋಟ್‌ಬುಕ್ ಚೀಲಕ್ಕೆ ಹಾಕಿದರು. "ಏನ್ ಮಾತಾಡ್ತೀರಿ? ಹೆಣ್ಣಿನ ಕಡಿಯವ್ರು ನಾವು. ಹುಡುಗನ ಕಡಿಯಿಂದ ಮಾತ ಬರೋತನಕ ಎಲ್ಲೂ ಸಹಿ ಮಾಡಂಗಿಲ್ಲ."

೩. ಅರವತ್ತು ಹೆಬ್ಬೆರಳು

ಉಳಿದದ್ದು ಒಂದೇ ತಿಂಗಳು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನರಿದ್ದಾರೆ. ಪ್ರೋಗ್ರಾಮಿಂಗ್ ಒಂದು ಬಿಟ್ಟು ಅಲ್ಲಿ ಎಲ್ಲ ಸಿಗುತ್ತದೆ: ಶುಭ ಮುಂಜಾನೆ, ಬಾಡಿಗೆ ಮನೆ, ಶೇಂಗಾ ಚಟ್ನಿ, ತಪ್ಪಿಸಿಕೊಂಡ ನಾಯಿ. "ಖಂಡಿತ ಬರುವವರು ಮಾತ್ರ ಹೆಬ್ಬೆರಳು ತೋರಿಸಿ" ಎಂದು ಹಾಕಿದೆ. ಒಂದು ತಾಸಿನಲ್ಲಿ ಅರವತ್ತು ಹೆಬ್ಬೆರಳು. ಸಂಶಯ ಬಂತು. ಫೋನ್ ಮಾಡಿದೆ. ಮೊದಲನೆಯವನು ಕಂದಲಗಾಂವದವನು.

"ಬರ್ತೀರಲ್ಲ?"

"ಇಲ್ರಿ, ಆವತ್ತ ಹೊಲಕ್ಕ ನೀರ ಬಿಡೋದೈತಿ."

"ಮತ್ತ ಹೆಬ್ಬಟ್ಟ ಯಾಕ ತೋರಿಸೀರಿ?"

"ಎಲ್ಲಾರೂ ತೋರಿಸಿದ್ರು. ನಾ ಒಬ್ಬನ ಸುಮ್ನ ಕುಂತ್ರ ಛಲೋ ಕಾಣಸ್ತದೇನ್ರಿ?"

ಇನ್ನೊಬ್ಬ ಸಭ್ಯ. "ಬರಂಗಿಲ್ಲ ಅಂತ ನಿಮ್ಮಂಥವ್ರಿಗೆ ಫೋನಿನಾಗ ಹೇಳೋದು ಬರೋಬರಿ ಅಲ್ಲ ಸರ್. ರವಿವಾರ ಹಾಲಿಗೇ ಬಂದು ಹೇಳಿ ಹೋಗ್ತೀನಿ."

"ಬಾ ಅಪ್ಪಾ," ಅಂದೆ. "ಬಂದು, ಬಂದಿಲ್ಲ ಅಂತ ಒಂದ ಸಹಿ ಮಾಡಿ ಹೋಗು."

೪. ಗುಡಿಯ ಹಿಂದಿನ ಗಲ್ಲಿ

ಗುರುವಾರ ಸಾವಕಾರರ ಫೋನ್ ಬಂತು. "ಸೊಲ್ಲಾಪುರದ ಹಾಲಿಗೆ ಬಣ್ಣ ಹಚ್ಚಾಕತ್ತಾರ. ಅಕ್ಕಲಕೋಟದಾಗ ಗುಡಿ ಹಿಂದಿನ ಗಲ್ಲಿಯೊಳಗ ನಮ್ಮದೊಂದ ಹಾಲ್ ಐತಿ. ಈ ಸಲ ಅಲ್ಲಿ ಮಾಡ್ರಿ. ನಾ ದರ್ಶನಕ್ಕ ಬಂದಿರ್ತೀನಿ, ಹನ್ನೆರಡಕ್ಕ ರಜಿಸ್ಟರ್ ನೋಡ್ತೀನಿ."

"ಬಸ್ಸಿಗೆ ಒಂದ ತಾಸ ಆಗ್ತದ್ರಿ. ಅಷ್ಟು ದೂರ ಯಾರ ಬರ್ತಾರ?"

"ಸೀರಿಯವ್ರು ಸೂರತ್‌ನಿಂದ ಬರ್ತಾರ," ಅಂದು ಇಟ್ಟರು.

ರವಿವಾರ ಬಂದವರು ಏಳು ಜನ. ಭಾಷಣ ಮೈಂದರ್ಗಿಯ ಹುಡುಗಿಯೊಬ್ಬಳದು. ಮನೆಯಿಂದಲೇ ಕೋಡ್ ಬರೆಯುವ ಕೆಲಸ ಅವಳದು, ಜನರ ಮುಂದೆ ನಿಲ್ಲುತ್ತಿದ್ದದ್ದು ಮೊದಲ ಸಲ. ವಿಷಯ ಲೂಪ್, ಅಂದರೆ ಕಂಪ್ಯೂಟರಿನಿಂದ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಹಾಲಿನಲ್ಲಿ ಕುರ್ಚಿ ಇರಲಿಲ್ಲ, ಜಮಖಾನೆ ಹಾಸಿತ್ತು. ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಟ್ಟು ಕೂತೆವು.

ಅಕ್ಕಲಕೋಟ ಯಾತ್ರೆಯ ಊರು. ಅಲ್ಲಿ ರವಿವಾರ ಒಂದು ಬಾಗಿಲ ಮುಂದೆ ಏಳೆಂಟು ಜೋಡಿ ಚಪ್ಪಲಿ ಕಂಡರೆ ಒಳಗೇನು ನಡೆದಿದೆ ಎಂದು ಯಾರೂ ಕೇಳುವುದಿಲ್ಲ. ತಮ್ಮದನ್ನೂ ಅಲ್ಲೇ ಬಿಟ್ಟು ಒಳಗೆ ಬರುತ್ತಾರೆ. ಮೊದಲು ಒಂದು ಸಂಸಾರ ಬಂತು. ಗೋಡೆಗೆ ಕೈಮುಗಿದು ಕೂತಿತು. ಹೊರಗೆ ಚಪ್ಪಲಿ ಹೆಚ್ಚಾದಂತೆ ಒಳಗೆ ಜನ ಹೆಚ್ಚಾದರು, ಜನ ಹೆಚ್ಚಾದಂತೆ ಚಪ್ಪಲಿ. ಕಾಲು ತಾಸಿನಲ್ಲಿ ಹಾಲ್ ತುಂಬಿತು. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ, ಯಾರೂ ಹೇಳದೆ.

ಹುಡುಗಿ ನನ್ನ ಹತ್ತಿರ ಬಂದಳು. "ಸರ್, ಇವ್ರೆಲ್ಲಾ ಯಾರು?"

"ನಿನ್ನ ಭಾಷಣ ಕೇಳಾಕ ಬಂದಾರ."

"ಹೂವಿನ ಹಾರ ತಂದಾರ, ಸರ್."

ಇದು ಪ್ರವಚನ ಅಲ್ಲ ಎಂದು ಹೇಳಿಬಿಡೋಣ ಎಂದು ಎದ್ದೆ. ಕಾಕಾ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದರು.

"ಕಾಕಾ, ಇದು ಮೋಸ."

"ಮೋಸ ಹೆಂಗ ಆಗ್ತದ? ಬಂದಾರ, ಕುಂತಾರ, ಕೇಳಾಕತ್ತಾರ. ನಮ್ಮ ಮೆಂಬರ್ರು ಈ ಮೂರರಾಗ ಒಂದರೆ ಮಾಡ್ಯಾರೇನ್ರಿ?"

ನಾನು ಹಾರ ತಂದವರಿಗೆ ಸರಿದು ಜಾಗ ಮಾಡಿಕೊಟ್ಟೆ.

ಹುಡುಗಿ ಜಾಣೆ. ಪರದೆಯ ಮೇಲಿನ ಇಂಗ್ಲಿಷ್ ತೆಗೆದುಹಾಕಿ, ಸೆರಗು ಹೊದ್ದ ಮೊದಲ ಸಾಲಿನತ್ತ ನೋಡಿ ಹೇಳಿದಳು: "ಗುಡಿ ಸುತ್ತ ಹನ್ನೊಂದ ಪ್ರದಕ್ಷಿಣಿ ಹಾಕಬೇಕು ಅಂತ ತಿಳ್ಕೋರಿ. ಪ್ರತಿ ಸುತ್ತಿಗೆ ಒಂದ ಎಣಿಸ್ತೀರಿ. ಹನ್ನೊಂದ ಆತೋ, ನಿಲ್ತೀರಿ. ಇಷ್ಟ ಲೂಪ್ ಅಂದ್ರ."

ಎಲ್ಲರೂ ತಲೆಯಾಡಿಸಿದರು. ಕಾಲೇಜಿನಲ್ಲಿ ಇದನ್ನು ತಿಳಿಸಲು ಒಂದು ವಾರ ಹಿಡಿಯುತ್ತದೆ.

ಮರವಡೆಯಿಂದ ಬಂದಿದ್ದ ಒಬ್ಬ ಅಜ್ಜಿ ಕೈ ಎತ್ತಿದಳು. "ತಂಗೀ, ನಡುವ ಎಣಿಕಿ ತಪ್ಪಿತಂದ್ರ?"

ಆ ಇಡೀ ವರ್ಷ ನಮ್ಮ ಸಭೆಯಲ್ಲಿ ಯಾರಾದರೂ ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು.

"ತಪ್ಪಿದ್ರ ನಿಲ್ಲಂಗಿಲ್ಲ, ಅಜ್ಜಿ. ಯಾರರೆ ಹೋಗಿ ನಿಲ್ಲಸೋತನಕ ಸುತ್ತಕೋತನ ಇರ್ತದ."

"ಖರೆ ಐತಿ," ಅಂದಳು ಅಜ್ಜಿ. "ನಮ್ಮವ್ರು ಮುಂಜಾನಿ ಏಳಕ್ಕ ಗುಡಿಗೆ ಹೋಗ್ಯಾರ. ಇನ್ನ ಬಂದಿಲ್ಲ."

ಹನ್ನೆರಡಕ್ಕೆ ಐದು ನಿಮಿಷವಿತ್ತು. ಕಾಕಾ ರಜಿಸ್ಟರ್ ತೆರೆದು ಸಹಿ ಮಾಡಿಸತೊಡಗಿದರು. ಬರೆಯಲು ಬಾರದವರಿಗೆ ಹೆಬ್ಬೆಟ್ಟು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಗುಡಿಯ ಊಟದ ಪಂಕ್ತಿ ಶುರುವಾಯಿತು ಅಂದರು. ನಾನು ಹಿಂತಿರುಗಿ ನೋಡುವಷ್ಟರಲ್ಲಿ ಅರ್ಧ ಹಾಲ್ ಖಾಲಿ. ಬಂದ ಏಳು ಸದಸ್ಯರಲ್ಲಿ ಐವರು ಪಂಕ್ತಿಯಲ್ಲಿ ಮುಂದಿದ್ದರು. ಸಹಿ ಮಾಡಿ ಹೋಗಿದ್ದರು, ಅದೊಂದು ಪುಣ್ಯ.

ಸಾವಕಾರರು ಹಣೆಗೆ ಗಂಧ ಹಚ್ಚಿಕೊಂಡು ಒಳಗೆ ಬಂದರು. ಬಾಗಿಲ ಮುಂದಿನ ಚಪ್ಪಲಿಗಳನ್ನು ನೋಡಿದ್ದರು, ಮುಖದ ಮೇಲೆ ಗೌರವವಿತ್ತು. ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದಾಗಿ ಎಣಿಸಿದರು. ಸಾಲಿನ ಕೊನೆಗೆ ಬೆರಳು ನಿಂತಿತು.

"ಇಪ್ಪತ್ನಾಲ್ಕು."

ಹಾಲಿನಲ್ಲಿ ಉಳಿದವರೆಲ್ಲ ಸಹಿ ಮಾಡಿ ಆಗಿತ್ತು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು. ಸೀರೆಗಳು ನನ್ನ ಕಣ್ಣ ಮುಂದೆ ಬಂದವು, ನೂರಕ್ಕೆ ಐವತ್ತು ರಿಯಾಯಿತಿಯಲ್ಲಿ.

ಆಗ ಬಾಗಿಲಲ್ಲಿ ಒಬ್ಬ ಅಜ್ಜ ಬಂದು ನಿಂತ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಎಲ್ಲಿ ಹೋಗಿದ್ರಿ?" ಅಂದಳು ಅಜ್ಜಿ. "ಹನ್ನೊಂದ ಸುತ್ತಿಗೆ ಐದ ತಾಸ ಬೇಕೇನು?"

"ಹನ್ನೊಂದ ಸುತ್ತು ಎಂಟ ಗಂಟೆಕ್ಕ ಮುಗದಿದ್ದುವು," ಅಂದ ಅಜ್ಜ, ಉಸಿರು ತೆಗೆದುಕೊಂಡು. "ಒಂದ ಕಡಿಮಿ ಆಗೇತೇನೋ ಅನಿಸ್ತು. ಖಾತ್ರಿ ಇರ್ಲಿ ಅಂತ ಮತ್ತ ಮೊದಲಿಂದ ಹಾಕಿದೆ. ಅದು ಮುಗದ ಮ್ಯಾಲೂ ಹಂಗ ಅನಿಸ್ತು."

ಕಾಕಾ ಅವನನ್ನು ಕೂರಿಸಿ, ನೀರು ಕೊಟ್ಟು, ಪೆನ್ನು ಕೈಗಿತ್ತರು. ಇಲ್ಲಿ ಕೂತು ಕೇಳದವನ ಸಹಿ ನಡೆಯುತ್ತದೆಯೇ ಎಂದು ಸಾವಕಾರರು ಕಾಕಾರನ್ನು ಕೇಳಿದರು. ಕಾಕಾ ಮೂವತ್ತು ವರ್ಷ ನಿಯಮ ಓದಿದವರು. "ಇವರು ಪ್ರಾತ್ಯಕ್ಷಿಕ ಮಾಡಿ ಬಂದಾರ್ರಿ," ಅಂದರು.

ಅಜ್ಜ ನಿಧಾನವಾಗಿ ಸಹಿ ಮಾಡಿದ. ಪೆನ್ನು ಎತ್ತಿದ. ತನ್ನ ಸಹಿಯನ್ನು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ. ಆಮೇಲೆ, ಖಾತ್ರಿ ಇರಲಿ ಎಂದು, ಕೆಳಗಿನ ಸಾಲಿನಲ್ಲಿ ಇನ್ನೊಂದು ಮಾಡಿದ.

ಸಾವಕಾರರು ರಜಿಸ್ಟರ್ ಮುಚ್ಚಿ ಬಗಲಿಗೆ ಹಾಕಿಕೊಂಡರು.

"ಇಪ್ಪತ್ತಾರು," ಅಂದರು.