ಮಿರ್ಚಿ ವ್ಯಾಕರಣ

ಸೌಭಾಗ್ಯ: ಮಗಳ ಹೆಸರ್ಲೆ ಮಿರ್ಚಿ ತರಾಕ ನಾಚ್ಕಿ ಆಗಂಗಿಲ್ಲೇನ್ರಿ?

ಕೊಟ್ಟೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಗುರುಬಸವರಾಜ ಬಿಸಿ ಪೊಟ್ಟಣವನ್ನು ಬೆನ್ನ ಹಿಂದಕ್ಕೆ ಸರಿಸಿದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

ಗುರುಬಸವರಾಜ: ಮಿರ್ಚಿ ಅಲ್ಲಲೇ, ವ್ಯಾಕರಣ! ಮಕ್ಕಳಿಗೆ ಮನ್ಯಾಗ ಆಟದಾಗ ಕಲಿಸ್ಬೇಕಂತ ಮೊಬೈಲಿನ್ಯಾಗ ಒಬ್ಬಾಕಿ ಮೇಡಂ ಹೇಳ್ಯಾಳ. ಸರಿ ಹೇಳಿದ್ರ ಮಗಳಿಗೊಂದು ಮಿರ್ಚಿ.

ಸೌಭಾಗ್ಯ: ತಪ್ಪು ಹೇಳಿದ್ರ?

ಗುರುಬಸವರಾಜ: ಚೆಲ್ಲಾಕ ಬರ್ತೈತೇನು? ಮೇಷ್ಟ್ರಿಗೆ.

ಸೌಭಾಗ್ಯ: ಮೇಷ್ಟ್ರು ಯಾರು?

ಗುರುಬಸವರಾಜ ತಲೆಯೆತ್ತಿ ಫ್ಯಾನು ನೋಡಿದ.

ಸೌಭಾಗ್ಯ: ಮೊದಲ್ನೇ ದಿನ ಬಿಟ್ರ ನಮ್ಮ ಕೊಟ್ರಿ ಒಂದೂ ಮಿರ್ಚಿ ಗೆದ್ದಿಲ್ಲ. ದೇವರ ಹೆಸರ್ಲೆ ಪೂಜಾರಿ ಉಂಡಂಗಾತು!

ಗುರುಬಸವರಾಜ: ನಾ ಏನ್ ಮಾಡ್ಲಿ? ನಿನ್ನ ತವರುಮನಿ ತಲಿ ಬಂದೈತಿ ಆಕಿಗೆ.

ಸೌಭಾಗ್ಯ: ತಂಬ್ರಹಳ್ಳಿ ರೀ ನನ್ನ ತವರು! ನಮ್ಮ ಕುರಿದಡ್ಡಿಯಾಗಿನ ಮರಿಗಳು ಸೈತ ಬಹುವಚನ ಹೇಳ್ತಾವ.

ಮಾತು ಕಾದಷ್ಟೂ ಪೊಟ್ಟಣ ಆರುತ್ತಿತ್ತು. ಗುರುಬಸವರಾಜನ ಸಂಕಟ ಅದೇ. ಅವನ ಹೊಟ್ಟೆಯ ಉರಿಗೆ ಕರಿದದ್ದು ಬಿಡಿ ಎಂದು ಡಾಕ್ಟರು ಹೇಳಿದ ಮೇಲೆ, ಈ ಮನೆಯ ಹೊಸ್ತಿಲು ದಾಟಲು ಮಿರ್ಚಿಗೆ ಉಳಿದಿದ್ದ ದಾರಿ ಕನ್ನಡ ವ್ಯಾಕರಣ ಒಂದೇ. ಭಾಷಾಭಿಮಾನ ಯಾರಿಗೆ ಎಲ್ಲಿಂದ ಹುಟ್ಟುತ್ತದೋ, ಬಲ್ಲವರಾರು?

ಸೌಭಾಗ್ಯ: ಸಾಲ್ಯಾಗ ಕೊಟ್ರೀನ ಕನ್ನಡಕ್ಕ ಫಸ್ಟ್ ಅಂತ ಮೇಡಮ್ಮಾರು ಇವತ್ತ ಹೇಳಿದ್ರು. ಮನ್ಯಾಗ ಮಾತ್ರ ಯಾಕ ಹಿಂಗ? ಕೊಟ್ರೀ, ಬಾರವ್ವಾ ಇಲ್ಲಿ! ‘ಮರ’ ಅನ್ನಾದಕ್ಕ ಬಹುವಚನ ಏನು?

ಐದನೇ ಕ್ಲಾಸಿನ ಕೊಟ್ರಬಸಮ್ಮ ಬಂದು ನಿಂತಳು. ಅವಳ ಕಣ್ಣು ಅಪ್ಪನ ಕೈಯ ಪೊಟ್ಟಣದ ಮೇಲೆ ಬಿತ್ತು.

ಕೊಟ್ರಿ: ಗೊತ್ತಿಲ್ಲ.

ಗುರುಬಸವರಾಜನ ಬೆರಳುಗಳು ಆಗಲೇ ಪೊಟ್ಟಣ ಬಿಚ್ಚತೊಡಗಿದ್ದವು.

ಸೌಭಾಗ್ಯ: ಖರೇ ಹೇಳು.

ಕೊಟ್ರಿ: ಮರಗಳು. ಮೊದಲ್ನೇ ದಿನ ಸರಿ ಹೇಳಿ ಮಿರ್ಚಿ ತಿಂದೆ ಯವ್ವಾ, ಮಲಗೋತನಕ ಬಾಯಿ ಉರೀತು. ಸರಿ ಹೇಳಿದವ್ರು ತಿನ್ನಾಕ ಬೇಕಂತ ಅಪ್ಪ ರೂಲ್ಸ್ ಮಾಡ್ಯಾನ. ತಪ್ಪು ಹೇಳಿದ್ರ ಬೈಯಂಗಿಲ್ಲ, ಶಾಣ್ಯಾಕಿ ಅಂತ ತಲಿ ಸವರ್ತಾನ.

ಸೌಭಾಗ್ಯ ಕಿರುಚಲಿಲ್ಲ. ಅವಳು ಕಿರುಚದಿದ್ದಾಗಲೇ ಗುರುಬಸವರಾಜನಿಗೆ ಹೆಚ್ಚು ಹೆದರಿಕೆ. ಒಳಗೆ ಹೋದವಳು ಒಂದು ತಂಬಿಗೆ ಹಿಡಿದು ಬಂದಳು.

ಸೌಭಾಗ್ಯ: ಆಟ ಚಲೋ ಐತ್ರಿ, ನಿಲ್ಲಿಸಾದು ಬ್ಯಾಡ. ರೂಲ್ಸ್ ಅಷ್ಟ ಬದಲಿ. ಮಗಳು ಒಂದು ಸರಿ ಹೇಳಿದ್ರ ಮೇಷ್ಟ್ರು ಒಂದು ಗುಟುಕು ಹಾಗಲಕಾಯಿ ರಸ ಕುಡೀಬೇಕು.

ಕೊಟ್ರಿ ಚಕ್ಕಳಮಕ್ಕಳ ಹಾಕಿ ಕೂತಳು.

ಕೊಟ್ರಿ: ಮರಗಳು, ಮನೆಗಳು, ಅಣ್ಣಂದಿರು, ಅಕ್ಕಂದಿರು, ಹುಡುಗರು…

ಗುರುಬಸವರಾಜ: ತಡಿಯವ್ವಾ, ಉಸಿರಾರ ತಗಾ!

ಕೊಟ್ರಿ: ವಿಭಕ್ತಿನೂ ಬರ್ತಾವಪ್ಪಾ, ಎಲ್ಲಾ.

ತಂಬಿಗೆ ಅರ್ಧಕ್ಕೆ ಬರುವ ಹೊತ್ತಿಗೆ ಗುರುಬಸವರಾಜನ ಮುಖ ಸೊಟ್ಟಗಾಗಿತ್ತು.

ಗುರುಬಸವರಾಜ: ಈ ಆಟಗೀಟ ಸಾಕಲೇ ಸೌಭಾಗ್ಯ. ನಾಳಿಂದ ಆಕಿನ್ನ ಟ್ಯೂಷನ್ನಿಗೆ ಹಾಕ್ತೀನಿ. ದಿನಾ ಸಂಜಿಗೆ ನಾನ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ.

ಸೌಭಾಗ್ಯ: ಎಲ್ಲಿ? ಆ ಮಿರ್ಚಿ ಬಂಡಿ ಬಾಜೂಕೇನ್ರಿ?