ಅಧ್ಯಕ್ಷರ ಕುರ್ಚಿ ಗಟಾರದಲ್ಲಿರುವ ಬಗ್ಗೆ

ಪಟ್ಟಣ ಪಂಚಾಯತಿ ಕಾರ್ಯಾಲಯ
(ಫಲಕದ ಮೇಲಿನ ಊರಿನ ಹೆಸರು ಮಳೆಗೆ ಅಳಿಸಿಹೋಗಿದ್ದು, ಹೊಸದಾಗಿ ಬರೆಸುವವರೆಗೆ ಊರಿಗೆ ಹೆಸರು ಇರತಕ್ಕದ್ದಲ್ಲ)
ಜಿಲ್ಲೆ: ಧಾರವಾಡ

ಸಂಖ್ಯೆ: ಪಪಂ/ಕುರ್ಚಿ/ಗಟಾರ/ಮದುವೆ
ದಿನಾಂಕ: ಮದುವೆಯ ಮರುದಿನ

ಸುತ್ತೋಲೆ

ವಿಷಯ: ಮುಂಬರುವ ಸಾಮಾನ್ಯ ಸಭೆ, ಊರಿನ ಸುದ್ದಿ ಹಾಗೂ ಮಾನ್ಯ ಅಧ್ಯಕ್ಷರ ಕುರ್ಚಿಯು ಸದ್ಯ ಗಟಾರದಲ್ಲಿ ಇರುವ ಕುರಿತು.

ಉಲ್ಲೇಖ: (ಅ) ಶ್ರೀಮತಿ ಫಕೀರವ್ವನವರ ಅರ್ಜಿ.
(ಆ) ಅದೇ ಅರ್ಜಿ, ಮತ್ತೊಮ್ಮೆ.
(ಇ) ಅದೇ ಫಕೀರವ್ವನವರು ಕಚೇರಿಯ ಬಾಗಿಲಲ್ಲಿ ನಿಂತು ಬಾಯಿಮಾತಿನಲ್ಲಿ ತಿಳಿಸಿದ್ದು (ಬರೆದಿಡಲು ಬರುವಂಥದ್ದಲ್ಲ).
(ಈ) ಕುಮಾರಿ ದಾನೇಶ್ವರಿಯ ಲಗ್ನಪತ್ರಿಕೆ.

ಸದಸ್ಯರು, ಸಿಬ್ಬಂದಿ, ಬಾಜಾ ಬಾರಿಸುವವರು ಹಾಗೂ ನಿನ್ನೆ ಮದುವೆಯಲ್ಲಿ ಉಂಡ ಸಾರ್ವಜನಿಕರೆಲ್ಲರ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ. ಓದುವಾಗ ಯಾರೂ ನಗತಕ್ಕದ್ದಲ್ಲ. ಬರೆಯುವಾಗ ಈ ಕಚೇರಿಯೂ ನಕ್ಕಿರುವುದಿಲ್ಲ.

೧. ಕೆಳಗಿನ ಓಣಿಯ ನಿವಾಸಿ ಶ್ರೀಮತಿ ಫಕೀರವ್ವನವರಿಗೆ ಎರಡು ಎಮ್ಮೆಗಳಿದ್ದು, ಒಂದು ಮೊಣಕಾಲು ಕೆಟ್ಟಿದ್ದು, ಬಾಯಿ ಮಾತ್ರ ಅಗದಿ ಸುಸ್ಥಿತಿಯಲ್ಲಿರುತ್ತದೆ. ಇವರು ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು, ಮನೆ ಮುಂದಿನ ಗಟಾರ ಜಿಗಿದು, ಊರಿಗೆಲ್ಲ ಹಾಲು ಹಾಕುತ್ತಾರೆ. ಸದರಿ ಗಟಾರವನ್ನು ಹೋದ ವರ್ಷ ಈ ಕಚೇರಿಯೇ ಅಗಲ ಮಾಡಿಸಿದ್ದು, ಗಟಾರದ ಆಚೆಗೊಂದು ಮನೆ ಇದೆ, ಮನೆಯಲ್ಲಿ ಮನುಷ್ಯರಿದ್ದಾರೆ, ಮನುಷ್ಯರು ಆಗಾಗ ಹೊರಗೆ ಬರುತ್ತಾರೆ ಎಂಬ ಅಂಶಗಳು ನಕಾಶೆಯಲ್ಲಿ ಬಿಟ್ಟುಹೋಗಿರುತ್ತವೆ. ಎಮ್ಮೆಗಳು ಗಟಾರದೊಳಗೇ ಇಳಿದು ಹಾಯ್ದು ಹೋಗುತ್ತಿದ್ದು, ಅವುಗಳಿಂದ ಈವರೆಗೆ ಯಾವುದೇ ದೂರು ಬಂದಿರುವುದಿಲ್ಲ.

೨. ಈ ಮಳೆಗಾಲದಲ್ಲಿ ಫಕೀರವ್ವನವರು ಕ್ಯಾನಿನ ಸಮೇತ ಗಟಾರಕ್ಕೆ ಬಿದ್ದರು. ಅಂದು ಕಚೇರಿಯ ಸಿಬ್ಬಂದಿ ಹಾಲಿಲ್ಲದ ಚಹಾ ಕುಡಿಯಬೇಕಾಗಿ ಬಂದ ಬಗ್ಗೆ ತೀವ್ರ ವಿಷಾದ ವ್ಯಕ್ತಪಡಿಸಲಾಗಿತ್ತು. ವಿಷಾದವು ಚಹಾದ ಬಗ್ಗೆ ಇತ್ತೇ ಹೊರತು ಮೊಣಕಾಲಿನ ಬಗ್ಗೆ ಇರಲಿಲ್ಲ ಎಂಬ ಫಕೀರವ್ವನವರ ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಿ, ಭಾಗಶಃ ಒಪ್ಪಲಾಗಿದೆ.

೩. ಗಟಾರದ ಮೇಲೆ ಒಂದು ಹಾಸುಗಲ್ಲು ಹಾಕಿಸಿಕೊಡಬೇಕೆಂಬುದೇ ಅವರ ಅರ್ಜಿ. ಕಲ್ಲು ಹಾಕಲು ಸಾಮಾನ್ಯ ಸಭೆಯ ಒಪ್ಪಿಗೆ ಬೇಕು. ಸಭೆಗೆ ಕುರ್ಚಿ ಬೇಕು. ಮಾನ್ಯ ಅಧ್ಯಕ್ಷರಾದ ಶ್ರೀ ಸುಭಾಸ ಇವರು ಪಂಚಾಂಗ ನೋಡದೆ ಸಭೆ ಕರೆಯುವವರಲ್ಲ. ಅವರು ಆರಿಸಿದ ಒಳ್ಳೆಯ ದಿನವನ್ನೇ ಊರಿನವರು ಮದುವೆಗೂ ಆರಿಸಿರುತ್ತಾರೆ. ಮದುವೆಯ ದಿನ ಪಂಚಾಯತಿಯ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಮದುವೆಗೆ ಹೋಗಿರುತ್ತವೆ, ಕುರ್ಚಿಗಳ ಹಿಂದೆ ಸದಸ್ಯರೂ ಹೋಗಿರುತ್ತಾರೆ. ಹೀಗಾಗಿ ಸಭೆಯು ಸದಾ ಮುಂದೂಡಲ್ಪಡುತ್ತಿದೆ. ಆಷಾಢದಲ್ಲಿ ಕುರ್ಚಿಗಳೆಲ್ಲ ಕಚೇರಿಯಲ್ಲೇ ಇರುತ್ತವಾದರೂ, ಆಷಾಢದಲ್ಲಿ ಅಧ್ಯಕ್ಷರು ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ. ಸಭೆ ಯಾವಾಗ ಎಂದು ಫಕೀರವ್ವನವರು ಜವಾನ ಹುಚ್ಚಪ್ಪನನ್ನು ಕೇಳಲಾಗಿ, "ಜನಾ ಹುಗ್ಗಿ ಉಂಡ ಎದ್ದ ಮ್ಯಾಲ ಕುರ್ಚಿ ಬರ್ತಾವಬೇ, ಆಮ್ಯಾಲ ನೋಡೂಣು" ಎಂದು ಅಧಿಕೃತವಾಗಿ ಉತ್ತರಿಸಲಾಗಿದೆ. ಅದಕ್ಕೆ ಅವರು, "ಕುರ್ಚಿ ಇದ್ದಾಗ ಮುಹೂರ್ತ ಇರೂದಿಲ್ಲ, ಮುಹೂರ್ತ ಇದ್ದಾಗ ಕುರ್ಚಿ ಇರೂದಿಲ್ಲ. ನನ್ನ ಮೊಣಕಾಲ ಯಾವ ಪಂಚಾಂಗ ನೋಡ್ಬೇಕೋ ಯಪ್ಪಾ?" ಎಂದಿದ್ದು, ಸದರಿ ಪ್ರಶ್ನೆ ಇನ್ನೂ ಕಚೇರಿಯ ಪರಿಶೀಲನೆಯಲ್ಲಿದೆ.

೪. ನಿನ್ನೆಯ ದಿನವೂ ಸಭೆ ಕರೆಯಲಾಗಿತ್ತು. ನಿನ್ನೆಯೇ ಕೆಳಗಿನ ಓಣಿಯಲ್ಲಿ, ಫಕೀರವ್ವನವರ ಮನೆಯ ಎದುರಿಗೆ ಪೆಂಡಾಲು ಹಾಕಿ, ಸದಸ್ಯೆ ಶಿವಗಂಗವ್ವನವರ ಮಗಳು ದಾನೇಶ್ವರಿಯ ಮದುವೆಯನ್ನು ದುಮ್ಮವಾಡದ ಗೂಳಪ್ಪ ಎಂಬ ವರನೊಂದಿಗೆ ಇಟ್ಟುಕೊಳ್ಳಲಾಗಿತ್ತು. ಪ್ಲಾಸ್ಟಿಕ್ ಕುರ್ಚಿಗಳು ವಾಡಿಕೆಯಂತೆ ಹೋದವು. ವರನಿಗೆ ಕೂರಲು ಚಂದದ್ದೊಂದು ಬೇಕೆಂದು ಶಿವಗಂಗವ್ವನವರು ಕೇಳಿದ್ದರಿಂದ, ಅಧ್ಯಕ್ಷರ ಎತ್ತರ ಬೆನ್ನಿನ ಸಾಗವಾನಿ ಕುರ್ಚಿಯನ್ನೂ, ಅದರ ಮೇಲಿನ ಟವೆಲ್ ಸಮೇತ, ಹುಚ್ಚಪ್ಪನ ತಲೆಯ ಮೇಲೆ ಕಳುಹಿಸಲಾಯಿತು.

೫. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಅಧ್ಯಕ್ಷರೂ ಸದಸ್ಯರೂ ಸಾಲಾಗಿ ಕುಳಿತು ಸೆಖೆಗೆ ಲಗ್ನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮದುವೆಗೆಂದು ಗಟಾರ ದಾಟಿ ಬಂದಿದ್ದ ಫಕೀರವ್ವನವರಿಗೆ ಇದನ್ನು ಕಂಡು ಮೈಯೆಲ್ಲ ಉರಿದುಹೋಯಿತು. ಅಧ್ಯಕ್ಷರನ್ನು ಹುದ್ದೆಯಿಂದಲೇ ಸಂಬೋಧಿಸಬೇಕೆಂಬ ನಿಯಮವಿದ್ದರೂ, ಅವರು ಸಣ್ಣವರಿದ್ದಾಗ ಇದೇ ಫಕೀರವ್ವನವರ ಎಮ್ಮೆಯ ಹಾಲು ಕುಡಿದು ಬೆಳೆದವರಾದ್ದರಿಂದ ಸದರಿ ನಿಯಮ ಅನ್ವಯಿಸಲಿಲ್ಲ. "ಏನಪಾ ಸುಭಾಸ, ಎಲ್ಲಾ ಮೆಂಬರೂ ಕುಂತೀರಿ, ಕುರ್ಚಿನೂ ಪಂಚಾಯ್ತಿವ. ಇದು ಮೀಟಿಂಗ್ ಅಲ್ಲಂದ್ರ ಮತ್ತ್ಯಾವುದೋ ಮೀಟಿಂಗ್?" ಎಂದು ಪೆಂಡಾಲಿಗೆಲ್ಲ ಕೇಳುವಂತೆ ಕೇಳಲಾಯಿತು. ಅಧ್ಯಕ್ಷರು ಪಂಚಾಂಗ ನೋಡಿದರು. ದಿನ ಒಳ್ಳೆಯದೇ ಇತ್ತು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

೬. ತತ್ಪರಿಣಾಮವಾಗಿ ದ್ವಿತೀಯ ದರ್ಜೆ ಸಹಾಯಕಿ ಅನ್ನಪೂರ್ಣಾ ಅವರು ಮದುವೆಯ ಮೈಕಿನಲ್ಲಿ ಕಲ್ಲಿನ ವಿಷಯ ಓದಿದರು. ಸದಸ್ಯ ಮಾಂತೇಶ ಅನುಮೋದಿಸಿದರು. ಒಪ್ಪಿಗೆ ಇದ್ದವರು ಕೈ ಎತ್ತಬೇಕೆಂದಾಗ ಎಲ್ಲರೂ ಎತ್ತಿದರು. ಮುಹೂರ್ತದ ಹೊತ್ತಿಗೆ ಹಿರಿಯರು ಕೈ ಎತ್ತಿದರೆ ಬಾರಿಸಬೇಕೆಂದು ಬಾಜಾದ ಬಾಬಾಸಾಬ ಇವರಿಗೆ ಮೊದಲೇ ಹೇಳಿಡಲಾಗಿತ್ತು. ಒಂದು ಕೈಗೆ ಬಾರಿಸುವವರು ಅಷ್ಟೊಂದು ಕೈ ಕಂಡು ಜೀವ ಬಿಟ್ಟು ಬಾರಿಸಿದರು. ಬಾಜಾ ಕೇಳಿದ ಕೂಡಲೇ ಜನ ತಮ್ಮ ಕೈಯಲ್ಲಿದ್ದ ಅಕ್ಕಿಕಾಳನ್ನೆಲ್ಲ ತೂರಿದರು. ಹೀಗೆ ಹಾಸುಗಲ್ಲಿನ ನಿರ್ಣಯವು ಸರ್ವಾನುಮತದಿಂದ, ಅಕ್ಕಿಕಾಳಿನೊಂದಿಗೆ ಅಂಗೀಕಾರವಾಯಿತು. ಈ ಕಚೇರಿಯ ಯಾವ ನಿರ್ಣಯಕ್ಕೂ ಇಂಥ ಸ್ವಾಗತ ಸಿಕ್ಕಿದ್ದಿಲ್ಲ ಎಂಬುದನ್ನು ಹೆಮ್ಮೆಯಿಂದ ದಾಖಲಿಸಲಾಗಿದೆ.

೭. ಸದರಿ ಹೆಮ್ಮೆಯು ಹೆಚ್ಚು ಹೊತ್ತು ಉಳಿಯಲಿಲ್ಲ. "ಅಯ್ಯ ನನ್ನ ಶಿವನ! ನನ್ನ ಮಗಳ ಅಕ್ಕಿಕಾಳ ಎಲ್ಲಾ ಗಟಾರಕ್ಕ ಹಾಕಿದ್ರಲ್ಲೋ!" ಎಂದು ಸದಸ್ಯೆ ಶಿವಗಂಗವ್ವನವರು ಬಾಯಿ ಬಡಿದುಕೊಂಡರು. ಬಿದ್ದ ಕಾಳನ್ನು ಆರಿಸಿ ಮರುಬಳಕೆ ಮಾಡಬಹುದೆಂದು ಹುಚ್ಚಪ್ಪ ಸೂಚಿಸಿದ್ದು, ಹೆಂಗಸರು ಆತನನ್ನು ನೋಡಿದ ರೀತಿಯಿಂದಾಗಿ ಸೂಚನೆಯನ್ನು ಹಿಂಪಡೆಯಲಾಯಿತು. ಮದುವೆ ನಡೆಸಿಕೊಡುವ ಅಯ್ಯನವರು, "ಲಗೂ ಮಾಡ್ರಿ, ಹೊತ್ತ ಬಂತು" ಎಂದರು. ತನ್ನ ಒಂದು ಕಲ್ಲಿನ ಸಲುವಾಗಿ ಹುಡುಗಿಯ ಮುಹೂರ್ತ ತಪ್ಪುತ್ತದಲ್ಲ ಎಂದು ಫಕೀರವ್ವನವರಿಗೆ ಕರುಳು ಚುರ್ ಎಂದಿತು. "ನಾ ತರ್ತೀನಿ ತಡೀರಿ" ಎಂದು ಅವರು ಸೀರೆಯ ನಿರಿಗೆ ಎತ್ತಿಕೊಂಡು, ಗಟಾರ ಹೇಗೋ ಜಿಗಿದು, ಮನೆಯೊಳಗೆ ಹೋದರು.

೮. ಬರುವಾಗ ಅವರ ಎರಡೂ ಕೈಯಲ್ಲಿ ಅಕ್ಕಿ ತುಂಬಿದ ಮೊರವಿತ್ತು. ಗಟಾರದ ಅಂಚಿಗೆ ಬಂದು ನಿಂತರು. ಜಿಗಿಯಲು ಕಾಲೆತ್ತಿದರು, ಮತ್ತೆ ಇಳಿಸಿದರು. ಪೆಂಡಾಲಿನ ಜನರೆಲ್ಲ ನೋಡುತ್ತಿದ್ದರು. ಅಧ್ಯಕ್ಷರು ಈ ಗಟಾರವನ್ನು ನಕಾಶೆಯಲ್ಲಿ ನೋಡಿದ್ದರೇ ಹೊರತು ಹೀಗೆ ನೋಡಿರಲಿಲ್ಲ. ಹುಚ್ಚಪ್ಪ ಓಡಿಹೋಗಿ, "ಮೊರ ಇತ್ಲಾಗ ಚಾಚಬೇ ಯವ್ವಾ, ನಾ ಹಿಡೀತೀನಿ" ಎಂದು ಕೈ ಚಾಚಿದ. ಫಕೀರವ್ವನವರು ಕೊಡಲಿಲ್ಲ. "ದಿನಾ ಹಾಲ ತರೂಮುಂದ ಯಾರ ಕೈ ಚಾಚೀರೋ? ನಾ ದಾಟಿನ ಬರ್ತೀನಿ" ಎಂದರು. ಹೇಳುವಾಗ ಅವರು ಮೊರವನ್ನು ಎದೆಗೆ ಅವಚಿಕೊಂಡಿದ್ದರೆಂದು ಅನ್ನಪೂರ್ಣಾ ಅವರು ವರದಿ ಮಾಡಿದ್ದಾರೆ.

೯. ಆಗ ವಧು ದಾನೇಶ್ವರಿಯು ಬಾಸಿಂಗ ಸರಿ ಮಾಡಿಕೊಂಡು, ಪಕ್ಕದಲ್ಲಿ ಕುಳಿತಿದ್ದ ವರನಿಗೆ, "ಏಳ್ರಿ ಮ್ಯಾಲ. ಆ ಕುರ್ಚಿ ಕೊಡ್ರಿ" ಎಂದಳು. ವರನು, "ಯಾಕ?" ಎಂದನು. "ಏಳ್ರಿ ಅಂದ್ರ ಏಳ್ರಿ" ಎಂದಳು. ಸದರಿ ದಂಪತಿಗಳ ನಡುವಿನ ಮೊದಲ ಆದೇಶ ಇದಾಗಿದ್ದು, ತಕ್ಷಣ ಪಾಲನೆಯಾಗಿರುತ್ತದೆ. ಹುಚ್ಚಪ್ಪನೂ ಸ್ವತಃ ಅಧ್ಯಕ್ಷರೂ ಸೇರಿ ಸಾಗವಾನಿ ಕುರ್ಚಿಯನ್ನು ಎತ್ತಿ, ಗಟಾರದ ನಡುವೆ ನಾಲ್ಕೂ ಕಾಲೂರಿ ನಿಲ್ಲಿಸಿದರು. ಕುರ್ಚಿಯ ಆಸನವು ಓಣಿಯ ಮಟ್ಟಕ್ಕೆ ಸರಿಯಾಗಿ ಬಂತು. ಫಕೀರವ್ವನವರು ಮೊರವನ್ನು ಸೊಂಟಕ್ಕೆ ಒತ್ತಿಕೊಂಡು, ಒಂದು ಕೈಯಿಂದ ಕುರ್ಚಿಯ ಬೆನ್ನು ಹಿಡಿದು, ಟವೆಲಿನ ಮೇಲೆ ಕಾಲಿಟ್ಟು, ಮಹಾರಾಣಿಯ ಹಾಗೆ ದಾಟಿ ಬಂದರು. ಒಂದು ಕಾಳೂ ಚೆಲ್ಲಲಿಲ್ಲ. ಮುಹೂರ್ತ ತಪ್ಪಲಿಲ್ಲ. ವರನು ನಿಂತೇ ಮದುವೆಯಾದನು.

೧೦. ಹುಗ್ಗಿ ಉಂಡ ಬಳಿಕ ಕುರ್ಚಿ ಒಯ್ಯಲು ಹುಚ್ಚಪ್ಪನನ್ನು ಕಳುಹಿಸಲಾಗಿ, ಫಕೀರವ್ವನವರು ಬಾಗಿಲಲ್ಲೇ ಕುಳಿತು, "ಕಲ್ಲ ತರ್ರಿ, ಕುರ್ಚಿ ಒಯ್ರಿ" ಎಂದಿರುತ್ತಾರೆ. ಬಲಪ್ರಯೋಗದ ಬಗ್ಗೆ ಚಿಂತಿಸಲಾಯಿತು. ಎಮ್ಮೆಗಳನ್ನು ನೋಡಿ ಕೈಬಿಡಲಾಯಿತು.

ಮೇಲ್ಕಂಡ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧೧. ಅಧ್ಯಕ್ಷರ ಕುರ್ಚಿಯಿಂದ ಹೊರಡದ ನಿರ್ಣಯ ಸಿಂಧುವಲ್ಲ. ನಿರ್ಣಯದ ಹೊತ್ತಿನಲ್ಲಿ ಸದರಿ ಕುರ್ಚಿಯಲ್ಲಿ ದುಮ್ಮವಾಡದ ಗೂಳಪ್ಪ ಕುಳಿತಿದ್ದರಿಂದ, ಅಷ್ಟು ಹೊತ್ತಿನ ಮಟ್ಟಿಗೆ ಆತನನ್ನು ಹಂಗಾಮಿ ಅಧ್ಯಕ್ಷನೆಂದು ಪರಿಗಣಿಸಲಾಗಿದೆ. ಆತನು ಇನ್ನು ಮುಂದೆ ಮಾವನ ಮನೆಗೆ ಬಂದಾಗ "ಮಾಜಿ ಅಧ್ಯಕ್ಷ" ಎಂದು ಹೇಳಿಕೊಂಡು ತಿರುಗತಕ್ಕದ್ದಲ್ಲ.

೧೨. ಹಾಸಬೇಕಾದ ಕಲ್ಲು ಎಲ್ಲಿದೆ ಎಂದು ಹುಡುಕಿಸಲಾಗಿ, ಅದು ಕಚೇರಿಯ ಹಿತ್ತಲಲ್ಲೇ ಇದ್ದು, ಕುರ್ಚಿಗಳು ಮದುವೆಗೆ ಹೋದಾಗಲೆಲ್ಲ ಸಿಬ್ಬಂದಿಯು ಅದರ ಮೇಲೆಯೇ ಕುಳಿತು ರೊಟ್ಟಿ ತಿನ್ನುತ್ತಿರುವುದು ಕಂಡುಬಂದಿದೆ. ಕುರ್ಚಿಗಳು ವಾಪಸು ಬಾರದೆ ಸಿಬ್ಬಂದಿ ಏಳುವಂತಿಲ್ಲ, ಸಿಬ್ಬಂದಿ ಏಳದೆ ಕಲ್ಲು ಹೋಗುವಂತಿಲ್ಲ, ಕಲ್ಲು ಹೋಗದೆ ಅಧ್ಯಕ್ಷರ ಕುರ್ಚಿ ಬರುವಂತಿಲ್ಲ. ಆದುದರಿಂದ ಸಿಬ್ಬಂದಿಯು ಈ ಸುತ್ತೋಲೆ ಓದಿದ ಕೂಡಲೇ ಏಳತಕ್ಕದ್ದು. ಬಾಯಲ್ಲಿರುವ ತುತ್ತು ನುಂಗಲು ಅವಕಾಶವಿದೆ.

೧೩. ಮುಂಬರುವ ಸಾಮಾನ್ಯ ಸಭೆ: ಕಲ್ಲು ಹಾಸುವವರೆಗೆ ಎಲ್ಲ ಸಭೆಗಳನ್ನೂ ಅಧ್ಯಕ್ಷರ ಕುರ್ಚಿ ಇರುವಲ್ಲಿ, ಅಂದರೆ ಕೆಳಗಿನ ಓಣಿಯ ಗಟಾರದಲ್ಲಿ, ನಡೆಸಲಾಗುವುದು. ಅಧ್ಯಕ್ಷರು ಗಟಾರದ ನಡುವಿನ ಕುರ್ಚಿಯಲ್ಲಿ ಕೂರತಕ್ಕದ್ದು, ಸದಸ್ಯರು ಎರಡೂ ದಂಡೆಯಲ್ಲಿ ಕೂರತಕ್ಕದ್ದು. ಫಕೀರವ್ವನವರು ಹಾಲಿನ ಕ್ಯಾನಿನೊಂದಿಗೆ ಬಂದಲ್ಲಿ ಅಧ್ಯಕ್ಷರು, ಭಾಷಣ ಎಷ್ಟೇ ಮುಖ್ಯ ಘಟ್ಟದಲ್ಲಿದ್ದರೂ, ಎದ್ದು ದಾರಿ ಬಿಡತಕ್ಕದ್ದು. ಎಮ್ಮೆಗಳು ಹಾಯುವಾಗ ಸಭೆಯನ್ನು ಮುಂದೂಡಲಾಗಿದೆ ಎಂದು ತಿಳಿಯತಕ್ಕದ್ದು.

೧೪. ಸಭೆಯಲ್ಲಿ ಕೈ ಎತ್ತುವವರು ಮೊದಲು ಸುತ್ತಲೂ ನೋಡಿ, ಬಾಬಾಸಾಬ ಇವರು ಎಲ್ಲಿಯೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳತಕ್ಕದ್ದು.

೧೫. ಊರಿನ ಸುದ್ದಿ: ಬರುವ ಸೋಮವಾರ ಮಾಂತೇಶ ಇವರ ಮಗಳ ಕುಬಸ (ಸೀಮಂತ), ಬುಧವಾರ ರುಬಿಯಾ ಅವರ ಹೊಲಿಗೆ ಅಂಗಡಿಯ ಆರಂಭ. ಎರಡಕ್ಕೂ ಎಲ್ಲರಿಗೂ ಆಮಂತ್ರಣವಿದೆ. ಪಂಚಾಯತಿಯ ಕುರ್ಚಿಗಳಿಗೆ ಇಲ್ಲ.

೧೬. ಅಧ್ಯಕ್ಷರು ನಿನ್ನೆ ಸಂಜೆ ಒಬ್ಬರೇ ಕೆಳಗಿನ ಓಣಿಗೆ ಹೋಗಿ, ಕುರ್ಚಿಯ ಮೇಲಿಂದ ದಾಟಿ, ಫಕೀರವ್ವನವರ ಮೊಣಕಾಲು ಹೇಗಿದೆ ಎಂದು ಕೇಳಿ, ಚಹಾ ಕುಡಿದು ಬಂದಿರುತ್ತಾರೆ. ಚಹಾದಲ್ಲಿ ಹಾಲು ಗಟ್ಟಿ ಇತ್ತು. ಕಲ್ಲು ಹಾಸಲು ಯಾವ ದಿನ ಒಳ್ಳೆಯದು ಎಂದು ಇಂದು ಬೆಳಿಗ್ಗೆ ಈ ಕಚೇರಿಯಿಂದ ಅವರನ್ನು ಕೇಳಲಾಗಿ, ಅಧ್ಯಕ್ಷರು ಪಂಚಾಂಗ ಮುಚ್ಚಿಟ್ಟು, "ಇವತ್ತ" ಎಂದಿರುತ್ತಾರೆ.

ಇದಕ್ಕೆ ತಪ್ಪಿದವರು ಗಟಾರವನ್ನು ಹಾಲಿನ ಕ್ಯಾನು ಹಿಡಿದು ಜಿಗಿದು ತೋರಿಸತಕ್ಕದ್ದು.

ಸಹಿ/-
ಮುಖ್ಯಾಧಿಕಾರಿ
(ನಿಂತುಕೊಂಡು ಸಹಿ ಮಾಡಲಾಗಿದೆ)

ಪ್ರತಿಗಳು:
೧. ಮಾನ್ಯ ಅಧ್ಯಕ್ಷರಿಗೆ, ಅವರು ಎಲ್ಲಿ ನಿಂತಿದ್ದಾರೋ ಅಲ್ಲಿಗೆ.
೨. ಸದಸ್ಯೆ ಶಿವಗಂಗವ್ವನವರಿಗೆ, ಅಕ್ಕಿಯನ್ನು ಫಕೀರವ್ವನವರಿಗೆ ಹಿಂದಿರುಗಿಸುವ ಕೋರಿಕೆಯೊಂದಿಗೆ.
೩. ದುಮ್ಮವಾಡದ ಗೂಳಪ್ಪ ಇವರಿಗೆ, ಮಾಹಿತಿಗಾಗಿ. ಇನ್ನು ಮುಂದಿನ ಆದೇಶಗಳು ಮನೆಯಲ್ಲೇ ಸಿಗುತ್ತವೆ.
೪. ಬಾಬಾಸಾಬ ಇವರಿಗೆ, ಬಾರಿಸದಿರಲು.
೫. ಎಮ್ಮೆಗಳಿಗೆ, ಓದಿ ಹೇಳುವುದು.
೬. ಶ್ರೀಮತಿ ಫಕೀರವ್ವನವರಿಗೆ. ಜವಾನ ಹುಚ್ಚಪ್ಪನು ಈ ಪ್ರತಿಯನ್ನು ಹಿಂದಿನಂತೆ ಗಟಾರದ ಈಚೆಯಿಂದ ಎಸೆಯದೆ, ದಾಟಿ ಹೋಗಿ ಕೈಯಲ್ಲೇ ಕೊಡತಕ್ಕದ್ದು. ಅಷ್ಟರಲ್ಲಿ ಕಲ್ಲು ಬಂದಿದ್ದರೆ ಕಲ್ಲಿನ ಮೇಲೆ ನಡೆಯುವುದು. ಬಂದಿಲ್ಲದಿದ್ದರೆ, ಅದು ಅಧ್ಯಕ್ಷರ ಕುರ್ಚಿಯಾದ್ದರಿಂದ, ಚಪ್ಪಲಿ ಬಿಟ್ಟು ಕಾಲಿಡುವುದು. ಫಕೀರವ್ವನವರಿಗೆ ಮಾತ್ರ ಚಪ್ಪಲಿಯ ವಿನಾಯಿತಿ ಇದೆ.